ಮೇಷ್ಟ್ರ ರೂಮು ಬಾಡಿಗೆಗಿಲ್ಲ

"ರೆಸಿಡೆನ್ಸಿ ಅಂದ್ರೆ ಲಾಡ್ಜ್ ಅಲ್ವೇನವ್ವ?" ಅಂದ ಅಪ್ಪ, ಫೋನಿನಲ್ಲಿ.

ಅವನ ತಪ್ಪೇನಿಲ್ಲ. ನಮ್ಮೂರು ಜವನಗೊಂಡನಹಳ್ಳಿ ಇರೋದು ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ, ಶಿರಾ ದಾಟಿ ಹಿರಿಯೂರು ಬರುವ ಮೊದಲು. ಬಸ್ಸಿನವರ ಬಾಯಲ್ಲಿ ಬರೀ ಜೆ.ಜಿ. ಹಳ್ಳಿ. ಹೆದ್ದಾರಿ ಪಕ್ಕ ಬದುಕಿದವರಿಗೆ ರೆಸಿಡೆನ್ಸಿ ಅಂದರೆ ಹೋಟೆಲಿನ ಮೇಲಿನ ಮಹಡಿ, ಮಿಣಿಮಿಣಿ ಬೋರ್ಡು, ಕೆಳಗೆ 'ಎಸಿ, ನಾನ್ ಎಸಿ ರೂಮುಗಳು ದೊರೆಯುತ್ತವೆ'. ಬೆಂಗಳೂರಿನಲ್ಲಿ ಏಳೆಂಟು ವರ್ಷದಿಂದ ಕೋಡ್ ಬರೆಯುತ್ತಿರುವ ನನಗೂ ಮೊನ್ನೆ ಮೊನ್ನೆವರೆಗೆ ಆ ಪದ ಕೇಳಿದರೆ ನೆನಪಾಗುತ್ತಿದ್ದುದು ರೆಸಿಡೆನ್ಸಿ ರೋಡಿನ ಟ್ರಾಫಿಕ್ಕು.

ವಿಷಯ ಇಷ್ಟು. ಊರೊಳಗೆ ನಮ್ಮ ತಾತನ ಕಾಲದ ಮನೆ ಇದೆ. ಅಪ್ಪ ಅಮ್ಮ ರಸ್ತೆ ಕಡೆ ಹೊಸ ಮನೆ ಕಟ್ಟಿಕೊಂಡ ಮೇಲೂ ಅಜ್ಜಿ ಆ ಮನೆ ಬಿಟ್ಟು ಬರಲಿಲ್ಲ. ನಾಲ್ಕು ವರ್ಷದ ಹಿಂದೆ ಅಜ್ಜಿ ಹೋದಳು, ಮನೆಗೆ ಬೀಗ ಬಿತ್ತು. ಕಳೆದ ಅಕ್ಟೋಬರಿನಲ್ಲಿ ಸಿಮೆಂಟ್ ವ್ಯಾಪಾರಿಯೊಬ್ಬರು ಗೋಡೌನಿಗೆ ಕೇಳಿಕೊಂಡು ಬಂದರು. ತಿಂಗಳಿಗೆ 12 ಸಾವಿರ. ಬಣ್ಣ ಬೇಡ, ರಿಪೇರಿ ಬೇಡ, ಸೋರದಿದ್ದರೆ ಸಾಕು ಅಂದರಂತೆ.

ಅದೇ ವಾರ ನನ್ನ ಇಂಜಿನಿಯರಿಂಗ್ ಗೆಳತಿಯ ಫೋನು. ಒಂದೇ ಬೆಂಚಿನಲ್ಲಿ ಕೂತು ಡೇಟಾ ಸ್ಟ್ರಕ್ಚರ್ಸ್ ಪಾಸು ಮಾಡಿದವರು ನಾವು. ಅವಳು ಮೂರು ವರ್ಷದ ಹಿಂದೆ ಕೆಲಸ ಬಿಟ್ಟು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯೋಕೆ ಶುರುಮಾಡಿದಳು. ಬೇರೆಯವರ ಪುಸ್ತಕ ಸಾಕು, ನನ್ನದೇ ಒಂದು ಮಾಡಬೇಕು, ಬೆಂಗಳೂರಿನ ಒಂದೂವರೆ ರೂಮಿನಲ್ಲಿ ಆಗ್ತಿಲ್ಲ ಅಂದಳು. "ನಿಮ್ಮ ಹಳೇ ಮನೆ ಖಾಲಿ ಇದೆಯಲ್ಲ, ಎರಡು ತಿಂಗಳು ಕೊಡ್ತೀಯಾ? ರೆಸಿಡೆನ್ಸಿ ಥರ."

ನನಗೆ ಹೋಮ್ ಲೋನಿನ ಇಎಂಐ ಇದೆ. ಅಪ್ಪನ ಬಿಪಿ ಮಾತ್ರೆ, ಅಮ್ಮನ ಮಂಡಿ ನೋವು ಇದೆ. ತಿಂಗಳಿಗೆ 12 ಸಾವಿರ ನಮ್ಮ ಮನೆಯಲ್ಲಿ ಸಣ್ಣ ಮಾತಲ್ಲ. ಆದರೂ ತಕ್ಷಣ ಇಲ್ಲ ಅನ್ನಲಾಗಲಿಲ್ಲ. "ಮೊದಲು ಅದೇನು ಅಂತ ತೋರಿಸು" ಅಂದೆ.

ಅವಳು ಕರೆದುಕೊಂಡು ಹೋದದ್ದು ಶಾಂತಿನಗರಕ್ಕೆ. ಅಲ್ಲಿ '1 ಶಾಂತಿರೋಡ್' ಅಂತ ಒಂದು ಜಾಗ ಇದೆ. ವಿಳಾಸವೇ ಹೆಸರು. ಕಲಾವಿದ, ಕಲಾ ಇತಿಹಾಸಕಾರ ಸುರೇಶ್ ಜಯರಾಮ್ 2003ರಲ್ಲಿ ಶುರುಮಾಡಿದ್ದು. ಅವರು ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಪಾಠ ಮಾಡಿದವರು. ಮನೆಯೂ ಅದೇ, ಗ್ಯಾಲರಿಯೂ ಅದೇ, ಹೊರಗಿನಿಂದ ಬರುವ ಕಲಾವಿದರು ಉಳಿಯುವುದೂ ಅಲ್ಲೇ. ಯಾವುದೋ ದೇಶದವರು ಬಂದು ಕೆಲವು ವಾರ ಇರುತ್ತಾರೆ, ಊರು ಸುತ್ತುತ್ತಾರೆ, ಕೆಲಸ ಮಾಡುತ್ತಾರೆ, ಹೋಗುವ ಮೊದಲು ಬಾಗಿಲು ತೆರೆದಿಟ್ಟು 'ಬನ್ನಿ ನೋಡಿ' ಅನ್ನುತ್ತಾರೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದವರೂ ಜರ್ಮನಿಯ ಕಲಾವಿದರನ್ನು ಕರೆಸಿ ಇಲ್ಲಿನ ಸಂಸ್ಥೆಗಳ ಜೊತೆ ಇರಿಸುತ್ತಾರೆ. ನಗರದ ಹೆಸರಿನ ಬಾಲಕ್ಕೆ ರೆಸಿಡೆನ್ಸಿ ಅಂಟಿಸಿ ಅದಕ್ಕೆ 'ಬೆಂಗಲೋರೆಸಿಡೆನ್ಸಿ' ಅಂತ ಹೆಸರಿಟ್ಟಿದ್ದಾರೆ.

ಆ ಸಂಜೆಯ ಗುಂಪಿನಲ್ಲಿ ಎರಡು ತಿಂಗಳಿಗೆಂದು ಊರಿಗೆ ಬಂದಿದ್ದ ಒಬ್ಬ ಹುಡುಗಿಯ ಪರಿಚಯ ಆಯಿತು. ಬೀದಿಯಲ್ಲಿ ಕೂಗಿ ಮಾರುವವರ ದನಿಗಳನ್ನು ರೆಕಾರ್ಡ್ ಮಾಡುತ್ತಿದ್ದಳು. ಸೊಪ್ಪಿನವರು, ಹಳೇ ಪೇಪರಿನವರು, ಹೂವಿನವರು. ನನ್ನೊಳಗಿನ ಸ್ಕ್ರಮ್ ಮಾಸ್ಟರ್ ಸುಮ್ಮನಿರಲಿಲ್ಲ. "ಕೊನೆಗೆ ಏನು ಕೊಡಬೇಕು? ಡೆಲಿವರಬಲ್ ಏನು?" ಅಂತ ಕೇಳಿಯೇ ಬಿಟ್ಟೆ. ಅವಳು ಸ್ವಲ್ಪ ಯೋಚಿಸಿ, ಹಾಗೇನೂ ಇಲ್ಲ, ಏನಾದರೂ ಆದರೆ ತೋರಿಸುತ್ತೇನೆ ಅಂದಳು.

ಎರಡು ವಾರಕ್ಕೊಂದು ಸ್ಪ್ರಿಂಟು, ದಿನಾ ಬೆಳಿಗ್ಗೆ ಸ್ಟ್ಯಾಂಡಪ್ಪು, ಪ್ರತಿ ಗಂಟೆಗೂ ಜಿರಾದಲ್ಲಿ ಲೆಕ್ಕ ಕೊಡುವ ನನಗೆ ಇದು ಜೀರ್ಣ ಆಗೋಕೆ ಎರಡು ದಿನ ಬೇಕಾಯಿತು. ಊಟ ಹಾಕಿ, ರೂಮು ಕೊಟ್ಟು, ಏನನ್ನೂ ಕೇಳದೆ ಬಿಡುವುದೇ? ಅದರಿಂದ ಕರೆದವರಿಗೇನು ಲಾಭ?

ಹುಡುಕಿ ಓದಿದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮ್ಯಾಕ್‌ಡೊವೆಲ್ ಅಂತ ಒಂದು ಜಾಗ. ಎಡ್ವರ್ಡ್ ಮ್ಯಾಕ್‌ಡೊವೆಲ್ ಅನ್ನೋ ಸಂಗೀತ ರಚನಕಾರ ಮತ್ತು ಅವನ ಹೆಂಡತಿ ಮರಿಯನ್ ತಮ್ಮ ತೋಟದಲ್ಲೇ 1907ರಲ್ಲಿ ಶುರುಮಾಡಿದ್ದು. (ನಮ್ಮ ಮಾರಿಕಣಿವೆ ಡ್ಯಾಮು ಮುಗಿದದ್ದೂ ಅದೇ ವರ್ಷ, ನಮ್ಮ ಕಡೆಯವರಿಗೆ ನೆನಪಿಡಲು ಸುಲಭ.) ಕಾಡಿನ ನಡುವೆ ಒಂದೊಂದು ಮನೆ, ಒಂದೊಂದರಲ್ಲಿ ಒಬ್ಬ ಕಲಾವಿದ. ಮಧ್ಯಾಹ್ನದ ಊಟ ಬುಟ್ಟಿಯಲ್ಲಿ ಬಂದು ಬಾಗಿಲ ಬಳಿ ಕೂರುತ್ತದೆ. ತಂದವರು ಬಾಗಿಲು ತಟ್ಟುವುದಿಲ್ಲ. ಇದ್ದು ಹೋದವರು ಆ ಮನೆಯಲ್ಲಿರುವ ಮರದ ಹಲಗೆ ಮೇಲೆ ತಮ್ಮ ಹೆಸರು ಬರೆದು ಹೋಗುತ್ತಾರೆ.

ನ್ಯೂಯಾರ್ಕ್ ರಾಜ್ಯದ ಯಾಡೋ ಕತೆ ಇನ್ನೂ ಕಾಡಿತು. ಟ್ರಾಸ್ಕ್ ಅನ್ನೋ ಶ್ರೀಮಂತ ದಂಪತಿಗೆ ನಾಲ್ಕು ಮಕ್ಕಳು, ನಾಲ್ಕೂ ತೀರಿಕೊಂಡವು. ಅಷ್ಟು ದೊಡ್ಡ ಮನೆ ಯಾರಿಗೆ? ಬರೆಯುವವರು, ಚಿತ್ರ ಮಾಡುವವರು, ಸಂಗೀತದವರು ಬಂದು ಇರಲಿ ಅಂತ ಎತ್ತಿಟ್ಟರು. ದಂಪತಿ ಹೋದ ಮೇಲೆ, 1926ರಲ್ಲಿ, ಮೊದಲ ಅತಿಥಿಗಳು ಬಂದರು. ಬೀಗ ಹಾಕಿದ ಮನೆ ಇರುವವರಿಗೆ ಇಂಥದ್ದು ಓದಿದರೆ ರಾತ್ರಿ ಸರಿಯಾಗಿ ನಿದ್ದೆ ಬರಲ್ಲ.

ನಮ್ಮಲ್ಲೂ ಇವೆ. ಬೆಂಗಳೂರಿನ ಅಂಚಿನ ಹೆಸರಘಟ್ಟದಲ್ಲಿ ಪ್ರೊತಿಮಾ ಗೌರಿ 1990ರಲ್ಲಿ ಕಟ್ಟಿದ ನೃತ್ಯಗ್ರಾಮ ಮೊದಲಿಂದಲೂ ಇದ್ದು ಕಲಿಯುವ ಜಾಗ, ಗುರುಕುಲ. ಅಲ್ಲಿಗೆ ಶ್ರೀಲಂಕಾದ ಚಿತ್ರಸೇನ ತಂಡದವರು ಬಂದರು, ಇವರು ಅಲ್ಲಿಗೆ ಹೋದರು. ಒಡಿಸ್ಸಿಯೂ ಅವರ ಕ್ಯಾಂಡಿ ನೃತ್ಯವೂ ಸೇರಿ 2012ರಲ್ಲಿ 'ಸಂಹಾರ', 2019ರಲ್ಲಿ 'ಆಹುತಿ' ಆದವು. ಜೊತೆಗೆ ಇರದೆ ಇಂಥದ್ದು ಆಗಲ್ಲ ಅಂತ ನೋಡಿದರೇ ಗೊತ್ತಾಗುತ್ತೆ, ಯೂಟ್ಯೂಬಿನಲ್ಲಿ ತುಣುಕುಗಳು ಸಿಗುತ್ತವೆ. ಬರಹಗಾರರಿಗಾಗಿ ಅರ್ಷಿಯಾ ಸತ್ತಾರ್ ಮತ್ತು ಅಮೆರಿಕದ ಡಿ.ಡಬ್ಲ್ಯೂ. ಗಿಬ್ಸನ್ 2008ರಲ್ಲಿ ಶುರುಮಾಡಿದ ಸಂಗಮ್ ಹೌಸ್ ಕೂಡ ಮುಂದೆ ನೃತ್ಯಗ್ರಾಮದ ಅಂಗಳಕ್ಕೇ ಬಂತು. ನಮ್ಮವರು ಹೊರಗೂ ಹೋಗುತ್ತಾರೆ. 'ಘಾಚರ್ ಘೋಚರ್' ಬರೆದ ವಿವೇಕ ಶಾನಭಾಗರು 2016ರಲ್ಲಿ ಅಯೋವಾದ ಅಂತರರಾಷ್ಟ್ರೀಯ ಬರಹಗಾರರ ಕಾರ್ಯಕ್ರಮಕ್ಕೆ ಹೋಗಿದ್ದರು.

ಇಷ್ಟೆಲ್ಲ ಓದಿಕೊಂಡು, ದೊಡ್ಡ ಪ್ರೆಸೆಂಟೇಶನ್ ಕೊಡುವ ಧಾಟಿಯಲ್ಲಿ ಅಪ್ಪನಿಗೆ ಫೋನ್ ಮಾಡಿ ವಿವರಿಸಿದೆ. ಕಲಾವಿದರು ಬರ್ತಾರೆ, ಎರಡು ಮೂರು ತಿಂಗಳು ಇರ್ತಾರೆ, ಊಟ ಅಲ್ಲೇ, ಕೆಲಸ ಮಾಡ್ತಾರೆ, ಹೋಗೋ ಮೊದಲು ಎಲ್ಲರಿಗೂ ತೋರಿಸ್ತಾರೆ.

ಅಪ್ಪ ಪೂರ್ತಿ ಕೇಳಿ, "ಓ, ಮೇಷ್ಟ್ರ ಥರ" ಅಂದ.

ನನ್ನ ಹದಿನೈದು ದಿನದ ಸಂಶೋಧನೆ ಅಲ್ಲಿಗೆ ಮುಗಿಯಿತು.

ಹಳೇ ಮನೆಯ ಬೀದಿ ಕಡೆ ಕೋಣೆಗೆ ನಮ್ಮನೆಯಲ್ಲಿ ಈಗಲೂ 'ಮೇಷ್ಟ್ರ ರೂಮು' ಅಂತಲೇ ಹೆಸರು. ಅದಕ್ಕೆ ಬೇರೆ ಬಾಗಿಲು ಇದೆ. ಚಿಕ್ಕವಳಿದ್ದಾಗ ನಾನು ಯಾರೋ ಸ್ಕೂಲ್ ಮೇಷ್ಟ್ರು ಬಾಡಿಗೆಗಿದ್ದರು ಅಂದುಕೊಂಡಿದ್ದೆ. ಅಲ್ಲ. ಅವರು ಹಾರ್ಮೋನಿಯಂ ಮೇಷ್ಟ್ರು. ನಾಟಕದ ಮೇಷ್ಟ್ರು ಅಂತಲೂ ಅನ್ನುತ್ತಾರೆ.

ಚಿತ್ರದುರ್ಗ, ತುಮಕೂರು ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳ್ತೀನಿ. ಊರವರು ಸೇರಿ ಜಾತ್ರೆಗೋ ಹಬ್ಬಕ್ಕೋ ಪೌರಾಣಿಕ ನಾಟಕ ಆಡುವುದು ಅಂತ ತೀರ್ಮಾನ ಆಗುತ್ತೆ. ಹೆಚ್ಚಾಗಿ 'ಕುರುಕ್ಷೇತ್ರ'. ಮೇಷ್ಟ್ರನ್ನು ಗೊತ್ತುಮಾಡುತ್ತಾರೆ. ಅವರು ಪೆಟ್ಟಿಗೆ ಹೊತ್ತು ಬಂದು ಊರಲ್ಲೇ ಎರಡು ಮೂರು ತಿಂಗಳು ಇರುತ್ತಾರೆ. ಉಳಿಯೋಕೆ ಒಬ್ಬರ ಮನೆ, ಊಟಕ್ಕೆ ದಿನಕ್ಕೊಂದು ಮನೆ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರಿಗೆ ರಾತ್ರಿ ತಾಲೀಮು. ಮಾತು, ಮಟ್ಟು, ಕಂದಪದ್ಯ, ನಿಲ್ಲೋದು, ನಡೆಯೋದು, ಎಲ್ಲ ಅವರೇ ಹೇಳಿಕೊಡಬೇಕು. ಓದು ಬರದವರಿಗೆ ಬಾಯಿಪಾಠ ಮಾಡಿಸಬೇಕು.

ದುಡ್ಡಿನ ಲೆಕ್ಕ ಇನ್ನೂ ಚೆನ್ನಾಗಿದೆ. ನಟರಿಗೆ ಯಾರೂ ಸಂಬಳ ಕೊಡಲ್ಲ, ನಟರೇ ಪಾತ್ರಕ್ಕೆ ದುಡ್ಡು ಕಟ್ಟಬೇಕು. ದುರ್ಯೋಧನ, ಕೃಷ್ಣ, ಭೀಮ ದುಬಾರಿ. ಚಿಕ್ಕ ಪಾತ್ರ ಅಗ್ಗ. ಆ ದುಡ್ಡಿನಲ್ಲೇ ಮೇಷ್ಟ್ರು, ಸೀನರಿ, ಡ್ರೆಸ್ಸು, ಮೈಕ್ ಸೆಟ್ಟು ಎಲ್ಲ. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಿದ್ದರು. ಊರ ಹೆಣ್ಣುಮಕ್ಕಳು ನೋಡೋಕೆ ಮಾತ್ರ, ಅದೂ ಚಾಪೆ ತಗೊಂಡು ಹೋಗಿ ಹಿಂದೆ ಕೂತು. ಈ ಮಾತನ್ನು ಅಜ್ಜಿ ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಕೋಪ ಇರುತ್ತಿತ್ತು.

ನಮ್ಮನೆಗೆ ಬಂದ ಮೇಷ್ಟ್ರು ಬಂದದ್ದು 1988ರಲ್ಲಿ. ತಾತ ರೂಮು ಕೊಟ್ಟ, ಬಾಡಿಗೆ ಇಲ್ಲ. ಅದಕ್ಕೆ ಬದಲಾಗಿ ಅಪ್ಪನಿಗೆ ಅಭಿಮನ್ಯು ಪಾತ್ರ. ಆಗ ಅಪ್ಪನಿಗೆ ಇಪ್ಪತ್ನಾಲ್ಕು. "ನಂಗೆ ರಾಗ ಕೂರ್ತಿರಲಿಲ್ಲ. ಹಂಗಾಗಿ ನಿಮ್ಮ ತಾತ ರೂಮು ಕೊಟ್ಟಿದ್ದು" ಅನ್ನುತ್ತಾನೆ.

ಸಾಣೇಹಳ್ಳಿಗೆ

ನವೆಂಬರ್ ಮೊದಲ ವಾರ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಹಿರಿಯೂರು, ಹೊಸದುರ್ಗ ದಾಟಿ ಸಾಣೇಹಳ್ಳಿಗೆ. ನಮ್ಮದೇ ಜಿಲ್ಲೆ. ಇಷ್ಟು ವರ್ಷದಲ್ಲಿ ನಾನು ಗೋವಾಕ್ಕೆ ನಾಲ್ಕು ಸಲ ಹೋಗಿದ್ದೆ, ಸಾಣೇಹಳ್ಳಿಗೆ ಒಂದು ಸಲವೂ ಹೋಗಿರಲಿಲ್ಲ.

ಇದು ಮಠ ಇರುವ ಸಣ್ಣ ಊರು. ಸಿರಿಗೆರೆಯ ತರಳಬಾಳು ಪರಂಪರೆಯ ಶಾಖೆ. ಹಿಂದಿನ ಗುರುಗಳಾದ ಶಿವಕುಮಾರ ಶಿವಾಚಾರ್ಯರು ತಾವೇ ನಾಟಕ ಬರೆದವರು, 'ಮರಣವೇ ಮಹಾನವಮಿ' ಅವರದೇ. ಅವರ ಹೆಸರಿನಲ್ಲಿ ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಶಿವಕುಮಾರ ಕಲಾಸಂಘ ಕಟ್ಟಿದರು. 1997ರಲ್ಲಿ ಶಿವಸಂಚಾರ ಅನ್ನೋ ತಿರುಗಾಟದ ನಾಟಕ ತಂಡ ಶುರುವಾಯಿತು. ಅಲ್ಲಿಂದೀಚೆಗೆ ನಡೆದು ಬಂದ ಪದ್ಧತಿ ಹೀಗಿದೆ: ವರ್ಷ ವರ್ಷ ನಟನಟಿಯರು, ತಂತ್ರಜ್ಞರು ಆಯ್ಕೆಯಾಗಿ ಬಂದು ಅಲ್ಲೇ ಇರುತ್ತಾರೆ. ಹೊರಗಿನಿಂದ ನಿರ್ದೇಶಕರು ಬಂದು ಉಳಿದು ನಾಟಕ ಕಟ್ಟುತ್ತಾರೆ. ವರ್ಷಕ್ಕೆ ಮೂರು ನಾಟಕ. ನವೆಂಬರಿನ ನಾಟಕೋತ್ಸವದಲ್ಲಿ ಆಡಿ, ಆಮೇಲೆ ರಂಗಸಜ್ಜಿಕೆ, ದೀಪ, ವೇಷ ಎಲ್ಲ ಹೇರಿಕೊಂಡು ರಾಜ್ಯದ ಊರೂರಿಗೆ ಹೊರಡುತ್ತಾರೆ.

ಶಿವಮೊಗ್ಗ ಕಡೆಯವರು ಇದನ್ನು ಓದುವಾಗ ಹೆಗ್ಗೋಡು ಅನ್ನುತ್ತಿರಬಹುದು. ಸರಿಯೇ. ಕೆ.ವಿ. ಸುಬ್ಬಣ್ಣನವರ ನೀನಾಸಮ್ 1985ರಿಂದಲೇ ತಿರುಗಾಟ ನಡೆಸುತ್ತಿದೆ, ಅಲ್ಲೂ ಹೀಗೆಯೇ ಬಂದು ಇದ್ದು ನಾಟಕ ಮಾಡಿಸುವ ನಿರ್ದೇಶಕರಿದ್ದಾರೆ. ಅದಕ್ಕೂ ಹಿಂದೆ ಹೋದರೆ ಗುಬ್ಬಿ ಕಂಪನಿಯಂಥವರು ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಹಾಕುತ್ತಿದ್ದರು. ಯಾರೂ ಅದನ್ನು ರೆಸಿಡೆನ್ಸಿ ಅಂತ ಕರೆಯಲಿಲ್ಲ ಅಷ್ಟೆ.

ನಾವು ಮಧ್ಯಾಹ್ನವೇ ತಲುಪಿದ್ದೆವು. ಮಠದಲ್ಲಿ ಪ್ರಸಾದ ಆಯಿತು. ಬಯಲು ರಂಗಮಂದಿರ ಖಾಲಿ ಇತ್ತು, ಹೋಗಿ ಕೂತೆವು. ಹಳೇ ಗ್ರೀಕ್ ರಂಗಮಂದಿರಗಳ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅರ್ಧ ಸುತ್ತು ಕಟ್ಟಿದ್ದು, ಸಿಜಿಕೆ ಅಂತಲೇ ಎಲ್ಲರಿಗೂ ಗೊತ್ತಿರುವ ಸಿ.ಜಿ. ಕೃಷ್ಣಸ್ವಾಮಿ ಅವರ ಕಲ್ಪನೆ. ಅಪ್ಪ ಮೇಲಿನ ಮೆಟ್ಟಿಲಲ್ಲಿ ನನ್ನನ್ನು ಕೂರಿಸಿ ತಾನು ಕೆಳಗೆ ಹೋಗಿ ನಿಂತು, ಸಾಧಾರಣ ದನಿಯಲ್ಲಿ "ಕೇಳ್ತೈತಾ?" ಅಂದ. ಕೇಳಿತು. "ನಮಗೆ ಮೈಕಿಗೇ ಆರುನೂರು ಹೋಗಿತ್ತು" ಅಂದ, ಅಲ್ಲಿಂದಲೇ.

ರಂಗಮಂದಿರದ ಹಿಂಬದಿಯಲ್ಲಿ ವೇಷದ ಬಟ್ಟೆಗಳನ್ನು ಒಗೆದು ಹಗ್ಗಕ್ಕೆ ಹಾಕಿದ್ದರು. ಒಬ್ಬ ಹುಡುಗ ಚಪ್ಪಲಿ ಹೊಲಿಯುತ್ತಿದ್ದ, ಸಂಜೆಯ ನಾಟಕದ್ದು. ಅಪ್ಪ ಅವನ ಪಕ್ಕ ಕೂತು ಕೇಳಿದ ಮೊದಲ ಪ್ರಶ್ನೆ, "ತಿಂಗ್ಳಾ ತಿಂಗ್ಳಾ ದುಡ್ಡು ಕೊಡ್ತಾರಾ ಮಗಾ?"

ಕೊಡ್ತಾರೆ ಅಂದ ಹುಡುಗ. ಊಟ, ವಸತಿ ಇದೆ, ತಿಂಗಳಿಗೆ ಇಷ್ಟು ಅಂತ ಸಂಬಳವೂ ಇದೆ.

"ಸರಿಯಾಗಿ ಕೊಡ್ತಾರಾ?"

ಹುಡುಗನಿಗೆ ನಗು ಬಂತು. "ಕೊಡ್ತಾರೆ ಯಜಮಾನ್ರೇ." ನನಗೆ ಮುಜುಗರ ಆಯಿತು. ಬೇರೆಯವರ ಸಂಬಳ ಕೇಳಬಾರದು ಅಂತ ಅಪ್ಪನಿಗೆ ಎಷ್ಟು ಸಲ ಹೇಳಿದ್ದೀನಿ.

ಸಂಜೆ ಟ್ರ್ಯಾಕ್ಟರು, ಟೆಂಪೋಗಳಲ್ಲಿ ಸುತ್ತಲ ಹಳ್ಳಿಯವರು ಬಂದು ಇಳಿದರು. ಮುದುಕಿಯರು, ಹಸುಗೂಸು ಎತ್ತಿಕೊಂಡವರು, ಯೂನಿಫಾರ್ಮಿನ ಮಕ್ಕಳು. ಮೊದಲು ವಚನಗೀತೆ, ಮಾತು, ಆಮೇಲೆ ನಾಟಕ. ಬೆಂಗಳೂರಿನ ಆಡಿಟೋರಿಯಂಗಳಲ್ಲಿ ನಾಟಕದ ಮಧ್ಯೆ ಬೆಳಗುವ ಫೋನುಗಳನ್ನು ನೋಡಿ ಅಭ್ಯಾಸವಾದ ನನಗೆ ಆ ನಿಶ್ಶಬ್ದ ಹೊಸದು. ಬಂದಿದ್ದವರಲ್ಲಿ ಎಷ್ಟೋ ಜನ ವರ್ಷಾ ವರ್ಷಾ ಬರುವವರು. ಪಕ್ಕದಲ್ಲಿದ್ದ ಹೆಂಗಸು ಹೋದ ವರ್ಷದ ನಾಟಕಕ್ಕೂ ಈ ವರ್ಷದ್ದಕ್ಕೂ ಹೋಲಿಸಿ ನನಗೆ ವಿಮರ್ಶೆ ಹೇಳಿದರು, ಚುರುಕಾಗಿ. ನನ್ನ 'ಕರೆದವರಿಗೇನು ಲಾಭ' ಪ್ರಶ್ನೆಗೆ ಉತ್ತರ ಅವರ ಬಾಯಲ್ಲೇ ಇತ್ತು ಅನ್ನಿಸುತ್ತೆ. ಒಂದು ನಾಟಕದಿಂದ ಆಗುವ ಕೆಲಸ ಅಲ್ಲ ಅದು. ವರ್ಷವರ್ಷವೂ ಯಾರೋ ಹೊಸಬರು ಬಂದು, ಆ ಊರಿನ ನೀರು ಕುಡಿದು, ಏನೋ ಮಾಡಿ ಹೋಗುತ್ತಿದ್ದರೆ ನೋಡುವವರ ಕಣ್ಣೂ ಪಳಗುತ್ತೆ.

ವಾಪಸು ಬರುವಾಗ ರಾತ್ರಿ. ಗುಡ್ಡದ ಮೇಲೆ ವಿಂಡ್‌ಮಿಲ್ಲುಗಳ ಕೆಂಪು ದೀಪಗಳು ಹೊತ್ತಿ ಆರುತ್ತಿದ್ದವು. ಅಪ್ಪ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ತಾನಾಗೇ ಹೇಳಿದ.

ಮೇಷ್ಟ್ರಿಗೆ 3 ಸಾವಿರಕ್ಕೆ ಮಾತಾಗಿತ್ತು. ವಸೂಲಿ ಮಾಡಿ ಕೊಡುವ ಜವಾಬ್ದಾರಿ ತಾತನದು. ಆ ವರ್ಷ ಶೇಂಗಾ ಕೈಕೊಟ್ಟಿತ್ತು. ತಾತ 1,800 ಕೊಟ್ಟು, ಉಳಿದದ್ದು ಯುಗಾದಿಗೆ ಅಂದ. ನಾಟಕ ಆದ ಮೇಲೆ ಮೇಷ್ಟ್ರು ಅದೇ ರೂಮಿನಲ್ಲಿ ನಾಲ್ಕು ದಿನ ಕೂತಿದ್ದರು. ಬಾಯಿಬಿಟ್ಟು ಕೇಳಲಿಲ್ಲ. ಐದನೇ ದಿನ ಬೆಳಗಿನ ಜಾವದ ಬಸ್ಸಿಗೆ ಪೆಟ್ಟಿಗೆ ಹೊತ್ತು ಹೊರಟುಹೋದರು. ಅಜ್ಜಿ ಎದ್ದು ಕಾಫಿ ತಗೊಂಡು ಹೋದರೆ ರೂಮು ಖಾಲಿ, ಚಾಪೆ ಸುತ್ತಿಟ್ಟಿತ್ತಂತೆ.

"ಯುಗಾದಿಗೆ ಕೊಟ್ರಾ?" ಅಂದೆ.

"ಇಲ್ಲ."

"ನೀನು ಕೆಲ್ಸಕ್ಕೆ ಸೇರಿದ ಮೇಲೆ?"

"ಮಧುಗಿರಿ ಕಡೆಯೋರು ಅಂತ ಗೊತ್ತಿತ್ತು. ಹೋಗ್ಬೇಕಿತ್ತು. ಹೋಗ್ಲಿಲ್ಲ."

ಕಾರು ಹಿರಿಯೂರು ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ. ನನಗೆ ಒಂದು ವಿಷಯ ಒಳಗೇ ಚುಚ್ಚುತ್ತಿತ್ತು. ಗೆಳತಿ ಕೇಳಿದಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ: ಗೋಡೌನು ಬೇಡ ಅಂದರೆ 12 ಸಾವಿರ ಹೋಗುತ್ತೆ, ಇವಳ ಹತ್ತಿರ ತಿಂಗಳಿಗೆ ಒಂದು 6 ಸಾವಿರವಾದರೂ ತಗೊಂಡರೆ ಅಷ್ಟಾದರೂ ಬಂತು. ಅವಳ ಸಂಪಾದನೆ ನನ್ನದರ ಕಾಲು ಭಾಗವೂ ಇಲ್ಲ ಅಂತ ಗೊತ್ತಿದ್ದೂ.

ಮನೆ ತಲುಪಿ ಅಪ್ಪನಿಗೆ ಅದನ್ನು ಹೇಳಿದೆ. "ಮೇಷ್ಟ್ರ ಹತ್ರ ಬಾಡಿಗೆ ತಗೊಂಡಿದ್ವಾ?" ಅಂದ ಅಷ್ಟೆ, ಒಳಗೆ ಹೋಗಿ ಮಲಗಿದ.

ಯಾರು ಯಾರಿಗೆ ಕೊಡಬೇಕು

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ವಯಸ್ಸಿನ ಎಷ್ಟೋ ಜನ ಈಗ ರಜೆ ಹಾಕಿಯೋ, ಕೆಲಸ ಬಿಟ್ಟೋ ಇಂಥ ಕಡೆ ಅರ್ಜಿ ಹಾಕುತ್ತಿದ್ದಾರೆ. ರೆಸಿಡೆನ್ಸಿ ಅಂತ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಕೆಲವರು ಪ್ರಯಾಣ, ಊಟ, ವಸತಿ ಕೊಟ್ಟು ಕೈಗೂ ದುಡ್ಡು ಕೊಡುತ್ತಾರೆ. ಕೆಲವರು ಜಾಗ ಮಾತ್ರ ಕೊಡುತ್ತಾರೆ, ಉಳಿದದ್ದು ನಿಮ್ಮದು. ಇನ್ನು ಕೆಲವರು ಕಲಾವಿದರಿಂದಲೇ ಶುಲ್ಕ ತಗೊಳ್ಳುತ್ತಾರೆ. ಕೊನೆಯದರಲ್ಲೂ ಒಳ್ಳೆಯವು ಇರಬಹುದು, ಆದರೆ ಅದು ಹೋಮ್‌ಸ್ಟೇಗೆ ಹತ್ತಿರ ಅನ್ನೋದು ನನ್ನ ಅಭಿಪ್ರಾಯ. ಹೋಗುವ ಮೊದಲು ಕೇಳಿ ತಿಳಿದುಕೊಳ್ಳಬೇಕಾದ್ದು ಇನ್ನೊಂದಿದೆ: ಅಲ್ಲಿ ಮಾಡಿದ ಕೆಲಸ ಯಾರದು? ಆಫೀಸಿನಲ್ಲಿ ನಾನು ಬರೆಯುವ ಪ್ರತಿ ಸಾಲೂ ಕಂಪನಿಯದು, ಸೇರುವ ದಿನವೇ ಸಹಿ ಹಾಕಿಕೊಟ್ಟಾಗಿದೆ. ರೆಸಿಡೆನ್ಸಿಯಲ್ಲಿ ಸಾಮಾನ್ಯವಾಗಿ ಕೆಲಸ ಕಲಾವಿದರದ್ದೇ. ಕೆಲವು ಕಡೆ ಒಂದು ಕೃತಿ ಬಿಟ್ಟು ಹೋಗಿ ಅನ್ನುತ್ತಾರೆ. ಬರವಣಿಗೆಯಲ್ಲಿ ಇರಲಿ, ಆಮೇಲೆ ಸ್ನೇಹ ಕೆಡುವುದಿಲ್ಲ. ನಮ್ಮ ತಾತ ಮೇಷ್ಟ್ರಿಗೆ ಬರೀ ಮಾತು ಕೊಟ್ಟಿದ್ದ.

ಮನೆ ಕೊಡುವವರ ಕಡೆಯಿಂದಲೂ ನೋಡಬೇಕು. ಮಠಕ್ಕೆ ಭಕ್ತರಿದ್ದಾರೆ, ಮ್ಯಾಕ್ಸ್ ಮುಲ್ಲರ್ ಭವನದ ಹಿಂದೆ ಒಂದು ದೇಶವಿದೆ, ಯಾಡೋ ಹಿಂದೆ ಒಬ್ಬ ಸಾಹುಕಾರನ ಆಸ್ತಿ ಇತ್ತು. ಜೆ.ಜಿ. ಹಳ್ಳಿಯ ಒಂದು ಹಳೇ ಮನೆಯ ಹಿಂದೆ ಇರೋದು ನನ್ನ ಸಂಬಳ, ಅದರ ಹಿಂದೆ ಇರೋದು ಇಎಂಐ.

ಕೊನೆಗೆ ದಾರಿ ತೋರಿಸಿದ್ದು ಅಮ್ಮ. ನಾನೂ ಅಪ್ಪನೂ ಆದರ್ಶ ಮಾತಾಡುತ್ತಾ ಕೂತಿದ್ದಾಗ ಅವಳು ಸೊಪ್ಪು ಬಿಡಿಸುತ್ತಾ, "ಮೇಷ್ಟ್ರ ರೂಮಿಗೆ ಬೇರೆ ಬಾಗ್ಲೈತಲ್ಲ. ಅದನ್ನ ಬಿಟ್ಟು ಉಳಿದಿದ್ದು ಸಿಮೆಂಟ್‌ನೋರಿಗೆ ಕೊಡ್ರಿ" ಅಂದಳು. ವ್ಯಾಪಾರಿಗೆ ಹೇಳಿದೆವು. ಒಂದು ರೂಮು ಕಮ್ಮಿ ಅಂತ 12ರಿಂದ 9 ಸಾವಿರಕ್ಕೆ ಇಳಿಸಿದರು. ಆಗಲಿ ಅಂದೆವು. ಅದರಲ್ಲಿ 4 ಸಾವಿರ ರೂಮಿನಲ್ಲಿ ಇರುವವರಿಗೆ, ಇರುವಷ್ಟು ತಿಂಗಳು. ಬಣ್ಣ ಪೇಪರಿಗಾದರೂ ಆಗುತ್ತೆ. ಊಟ ಹೊಸ ಮನೆಯಿಂದ. ಒಂದು ಹಾಳೆಯಲ್ಲಿ ಇಷ್ಟನ್ನೂ ಬರೆದು ನಾನು, ಅಪ್ಪ ಇಬ್ಬರೂ ಸಹಿ ಹಾಕಿದೆವು. ಗೆಳತಿ ಅದನ್ನು ಓದಿ ನಕ್ಕಳು. ಅಪ್ಪ ನಗಲಿಲ್ಲ.

ರೂಮು ಸುಣ್ಣ ಕಾಣದೆ ಎಷ್ಟು ವರ್ಷವಾಗಿತ್ತೋ. ಗೋಡೆ ಕಪಾಟಿನ ಬಾಗಿಲು ತೆಗೆದರೆ ಒಳಮೈಯಲ್ಲಿ ಪೆನ್ಸಿಲಿನ ಬರಹ. ಎಡಗಡೆ ಪಾತ್ರಗಳ ಹೆಸರು, ಬಲಗಡೆ ಊರವರ ಹೆಸರು. ಮೇಷ್ಟ್ರ ಅಕ್ಷರ ಅಂದ ಅಪ್ಪ. ಅಭಿಮನ್ಯುವಿನ ಎದುರು ಅಪ್ಪನ ಹೆಸರಿತ್ತು, ಪಕ್ಕದಲ್ಲಿ ಚಿಕ್ಕದಾಗಿ 'ಶ್ರುತಿ ಇಲ್ಲ' ಅಂತ. ಆ ಬಾಗಿಲಿಗೆ ಬಣ್ಣ ಹೊಡೆಸಲಿಲ್ಲ.

ಗೆಳತಿ ಜನವರಿ ಮೊದಲ ವಾರ ಬಂದಳು. ಒಂದು ಟ್ರಂಕು, ಒಂದು ಮಡಚುವ ಟೇಬಲ್ಲು. ಪಕ್ಕದ ಮನೆಯವರು ಯಾರು ಅಂತ ಕೇಳಿದ್ದಕ್ಕೆ ಅಪ್ಪ "ಮೇಷ್ಟ್ರು" ಅಂದನಂತೆ. ಅಲ್ಲಿಂದ ಊರಿಗೆಲ್ಲ ಅವಳು 'ಮೇಷ್ಟ್ರಮ್ಮ'. ಇಬ್ಬರು ಹುಡುಗಿಯರು ಸಂಜೆ ಹೊತ್ತು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಅವಳು ಅವರಿಗೂ ಪೇಪರ್ ಕೊಟ್ಟು ಕೂರಿಸುತ್ತಾಳೆ. ಅದು ಹಾಳೆಯಲ್ಲಿ ಬರೆದುಕೊಂಡದ್ದಲ್ಲ. ನಾವು ಕೇಳಿಯೂ ಇಲ್ಲ.

ಎಲ್ಲ ಚೆನ್ನಾಗಿದೆ ಅಂತಲ್ಲ. ಬೆಳಿಗ್ಗೆ ಆರಕ್ಕೆ ಲಾರಿ ಬಂದು ಸಿಮೆಂಟ್ ಇಳಿಸುತ್ತಾರೆ, ರೂಮಿನ ಕಿಟಕಿ ತೆರೆಯುವ ಹಾಗಿಲ್ಲ, ಬಿಳಿ ಹಾಳೆ ಮಧ್ಯಾಹ್ನದೊಳಗೆ ಬೂದಿ ಬಣ್ಣ. ಮೊದಲ ವಾರ ಅವಳು ಎರಡು ಸಲ ವಾಪಸು ಹೊರಟಿದ್ದಳು. ಈಗ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದ್ದಾಳೆ. ಲೋಡಿಂಗ್ ಹುಡುಗರ ಜೊತೆ ಕಟ್ಟೆ ಮೇಲೆ ಕೂತು ಟೀ ಕುಡಿಯುತ್ತಾಳೆ.

ಅಪ್ಪ ದಿನಾ ರಾತ್ರಿ ನನಗೆ ಫೋನ್ ಮಾಡಿ ವರದಿ ಒಪ್ಪಿಸುತ್ತಾನೆ, ನಾನು ಆಫೀಸಿನಲ್ಲಿ ಒಪ್ಪಿಸುವ ಹಾಗೇ.

"ಇವತ್ತೂ ಏನೂ ಬರ್ದಿಲ್ಲ ಕಣವ್ವ. ಬರೀ ಗೆರೆ ಎಳೆದು ಹರಿದು ಹಾಕೈತೆ ಹುಡುಗಿ."

"ಬರೀಲೇಬೇಕು ಅಂತ ಇಲ್ಲಪ್ಪ. ಹಂಗೇ ಅಲ್ವಾ ನಾವು ಮಾತಾಡಿದ್ದು?"

"ಗೊತ್ತು. ಸುಮ್ನೆ ಹೇಳ್ದೆ. ನಾನೇನೂ ಕೇಳಕ್ಕೋಗಿಲ್ಲ. ಬಾಗ್ಲಲ್ಲಿ ಕ್ಯಾರಿಯರ್ ಇಟ್ಟು ಬಂದೆ."

"ಬಾಗಿಲು ತಟ್ಟಿದ್ಯಾ?"

"ಒಂದೇ ಸಲ" ಅಂದ ಅಪ್ಪ. "ಸಾರು ಆರಿ ಹೋಗ್ತೈತಲ್ಲ."